ದಿನಕ್ಕೆ ಐದು ‘ಇಲ್ಲ’

ಮೊದಲ ಪುಟ (ಬರೆದದ್ದು ಏಪ್ರಿಲ್ 19, ಶನಿವಾರ)

ಯಾವ ಪುಸ್ತಕ ಶುರು ಮಾಡಿದರೂ ಮೊದಲ ಪುಟ ಖಾಲಿ ಬಿಡುವುದು ನನ್ನ ಅಭ್ಯಾಸ. ಒಟ್ಟು ಎಷ್ಟಾಯಿತೆಂದು ಗೊತ್ತಾಗುವುದು ಕೊನೆಗೆ. ಆದರೆ ಪುಸ್ತಕ ತೆರೆದಾಗ ಕಣ್ಣಿಗೆ ಮೊದಲು ಬೀಳಬೇಕಾದ್ದು ಅದೇ. ಇಂಗ್ಲಿಷಿನಲ್ಲಿ ‘ಇಲ್ಲ’ ಅನ್ನುವುದನ್ನು ಕಲಿಯಲು ತಗುಲಿದ ಖರ್ಚು ಹೀಗಿದೆ: ನಲವತ್ತೆಂಟು ದಿನ. ನೂರು ಪುಟದ ನೋಟುಪುಸ್ತಕ ಎರಡು. ಪೆನ್ಸಿಲ್ ಒಂದೂವರೆ, ಉಳಿದರ್ಧ ಹೆಂಡತಿ ಎತ್ತಿಕೊಂಡಳು. ಮೇಡಂ ಅವರ ಕೆಂಪು ರಿಫಿಲ್ ಮೂರು. ನಾಲ್ಕು ದಿನ ಇಪ್ಪತ್ತು ಮನೆಯವರ ಬೈಗುಳ. ನೂರು ಮೆಟ್ಟಿಲು, ಅದೂ ನನ್ನ ಕಾಲಿನ ಲೆಕ್ಕದಲ್ಲಲ್ಲ. ಕೊನೆಗೆ ನನ್ನ ಸಹಿ.

ಮಾರ್ಚ್ 3, ಸೋಮವಾರ

ನಮ್ಮ ಪುಟ್ಟ ಕಂಪನಿಯನ್ನು ದೊಡ್ಡ ಕಂಪನಿಯೊಂದು ನುಂಗಿದ್ದು ಹೋದ ತಿಂಗಳು. ಇವತ್ತು ಅದರ ತೇಗು ಕೇಳಿಸಿತು. ಲಿಫ್ಟ್ ಮೆಕ್ಯಾನಿಕ್‌ಗಳೆಲ್ಲ ಏಪ್ರಿಲ್ ಹದಿನಾರಕ್ಕೆ ಇಂಗ್ಲಿಷ್ ಪರೀಕ್ಷೆಗೆ ಕೂರಬೇಕಂತೆ. ಇನ್ನು ಮುಂದೆ ತಪಾಸಣೆಯ ವರದಿಯೆಲ್ಲ ಇಂಗ್ಲಿಷಿನಲ್ಲೇ. ಪಾಸಾಗದವರಿಗೆ ಕೆಲಸವಿಲ್ಲ.

ನನ್ನ ಕೈಯಲ್ಲಿ ಹನ್ನೊಂದು ಕಟ್ಟಡಗಳಿವೆ. ಲಿಫ್ಟಿನೊಳಗೆ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುವ ಕೆಲಸದಿಂದ ಶುರು ಮಾಡಿ, ಮಾತಿನ ಬಲದಿಂದಲೇ ಇಲ್ಲಿಯವರೆಗೆ ಏರಿದವನು ನಾನು. ಯಾರು ಏನು ಕೇಳಿದರೂ ‘ಆಯ್ತು’ ಅನ್ನುವುದರಿಂದ ಹನ್ನೊಂದು ಕಟ್ಟಡಗಳಲ್ಲೂ ನನ್ನ ಹೆಸರು ಆಯ್ತಣ್ಣ. ಪರೀಕ್ಷೆಗೆ ನಾನು ಹೆದರುವವನಲ್ಲ. ನನ್ನ ಇಂಗ್ಲಿಷಿಗೆ ಎಷ್ಟು ಜನ ತಲೆದೂಗಿದ್ದಾರೆ! ‘ಲಿಫ್ಟ್ ಈಸ್ ಗುಡ್. ಲಿಫ್ಟ್ ಈಸ್ ವೆರಿ ಗುಡ್. ಟುಮಾರೊ ಬೆಟರ್.’

ಪತ್ರದ ಜೊತೆ ಒಂದು ಮಾದರಿ ಪ್ರಶ್ನೆಪತ್ರಿಕೆ ಇತ್ತು. ಮೊದಲ ಪ್ರಶ್ನೆಯಲ್ಲಿ ಇಪ್ಪತ್ತು ವಾಕ್ಯ ಕೊಟ್ಟು, ಎಲ್ಲವನ್ನೂ ‘ಇಲ್ಲ’ದ ವಾಕ್ಯ ಮಾಡಿ ಅಂದಿದ್ದರು. ಇಷ್ಟೇನಾ ಅಂದುಕೊಂಡು ಎಲ್ಲದರಲ್ಲೂ ಒಂದೊಂದು ‘ನೋ’ ಸಿಕ್ಕಿಸಿದೆ. ಐ ನೋ ಗೋ, ಹಿ ನೋ ಕೇಮ್. ನಾನು ನೋಡಿಕೊಳ್ಳುವ ಐದಂತಸ್ತಿನ ಕಟ್ಟಡವೊಂದರ ಐದನೇ ಮಹಡಿಯಲ್ಲಿ ನಿವೃತ್ತ ಇಂಗ್ಲಿಷ್ ಮೇಡಂ ಒಬ್ಬರಿದ್ದಾರೆ. ಬಲ ಮೊಣಕಾಲು ಸರಿಯಿಲ್ಲ, ನಾಲಿಗೆ ಚೆನ್ನಾಗಿದೆ. ಅವರಿಗೆ ತೋರಿಸಿದೆ.

“ಇಪ್ಪತ್ತಕ್ಕೆ ಎಷ್ಟು ಮೇಡಂ?”

“ಸೊನ್ನೆಗೆ ನಿಮ್ಮ ಕೆಲಸದಲ್ಲಿ ಏನಂತೀರಿ?”

“ಗ್ರೌಂಡ್ ಫ್ಲೋರ್ ಅಂತೀವಿ. ಅಲ್ಲಿಂದಾನೇ ಎಲ್ಲಾ ಶುರು.”

ಅವರು ನಕ್ಕರು. ಆಮೇಲೆ ಹೇಳಿದರು: “ನಾನು ಕಲಿಸ್ತೀನಿ. ಫೀಸ್ ಗೀಸ್ ಏನೂ ಬೇಡ. ಆದ್ರೆ ಒಂದು ಷರತ್ತು. ಹೋಮ್‌ವರ್ಕಲ್ಲಿ ಸುಳ್ಳು ಬರೀಬಾರದು. ‘ಬೆಕ್ಕು ಹಾಲು ಕುಡಿಯುವುದಿಲ್ಲ’ ಅಂತ ಮೂವತ್ತೈದು ವರ್ಷ ತಿದ್ದಿದ್ದೀನಿ. ಯಾವ ಬೆಕ್ಕಪ್ಪಾ ಕುಡಿಯಲ್ಲ? ದಿನಕ್ಕೆ ಐದು ವಾಕ್ಯ ಬರೀರಿ. ಆವತ್ತು ನೀವು ನಿಜವಾಗ್ಲೂ ಮಾಡದೇ ಇದ್ದದ್ದು.”

“ಆಯ್ತು ಮೇಡಂ.”

“ಇನ್ನೊಂದು. ನಿಮ್ಮ ಲಿಫ್ಟು ಈಚೆಗೆ ನೆಲಕ್ಕೆ ಸರಿಯಾಗಿ ನಿಲ್ಲಲ್ಲ. ಎರಡು ಬೆರಳು ಕೆಳಗೆ ಹೋಗಿ, ನಮಸ್ಕಾರ ಮಾಡಿದ ಹಾಗೆ ನಿಲ್ಲುತ್ತೆ.”

“ಆಯ್ತು ಮೇಡಂ, ನೋಡ್ತೀನಿ.”

ಮನೆಗೆ ಬಂದರೆ ಭಾವಮೈದ ಬಾಗಿಲಲ್ಲಿ ಕಾಯುತ್ತಿದ್ದ. ಸ್ಕೂಟರ್ ಬೇಕಂತೆ. ಈ ವಾರ ಮೂರನೆಯ ಸಲ. ಆಯ್ತು ಅಂದೆ.

ಮಾರ್ಚ್ 5, ಬುಧವಾರ

ಇಂಗ್ಲಿಷಿನಲ್ಲಿ ‘ಡೂ’ ಅಂತ ಒಬ್ಬ ಆಳಿದ್ದಾನೆ. ‘ಐ ಗೋ’ ಅನ್ನುವಾಗ ಅವನು ಎಲ್ಲೂ ಕಾಣುವುದಿಲ್ಲ. ಇಲ್ಲ ಅನ್ನಬೇಕೆಂದಾಗ ಮಾತ್ರ ಓಡಿ ಬರುತ್ತಾನೆ: ಐ ಡೂ ನಾಟ್ ಗೋ. ಇಷ್ಟು ಹೊತ್ತು ಎಲ್ಲಿದ್ದ? ಮೇಡಂ ಅವರನ್ನು ಕೇಳಿದೆ. “ಒಳಗೇ ಇದ್ದ ಅಂದ್ಕೊಳ್ಳಿ,” ಅಂದರು. ನಮ್ಮಲ್ಲೂ ಇಂಥವನಿದ್ದಾನೆ, ಹಗ್ಗದ ಇನ್ನೊಂದು ತುದಿಯಲ್ಲಿರುವ ಎದುರುತೂಕ. ಲಿಫ್ಟಿನಲ್ಲಿ ಹೋಗುವವರ ಕಣ್ಣಿಗೆ ಅದು ಒಂದು ದಿನವೂ ಬೀಳುವುದಿಲ್ಲ. ಆದರೆ ಇವರು ಮೇಲೆ ಹೋಗಬೇಕೆಂದರೆ ಗೋಡೆಯ ಹಿಂದೆ ಅದು ಕೆಳಗೆ ಬರಲೇಬೇಕು.

ಅವನು, ಅವಳು, ಅದು ಅಂದಾಗ ‘ಗೋಸ್’ ಇರುವುದು ‘ಡಸ್ ನಾಟ್ ಗೋ’ ಆಗುತ್ತದೆ. ಗೋಸ್‌ನ ಬಾಲ ಕಿತ್ತು ಡೂಗೆ ಅಂಟಿಸುತ್ತಾರೆ. ನಿನ್ನೆಯ ಮಾತಾದರೆ ‘ವೆಂಟ್’ ಹೋಗಿ ‘ಡಿಡ್ ನಾಟ್ ಗೋ’. ಹೊರೆಯೆಲ್ಲ ಡಿಡ್ ತಲೆಗೆ, ಗೋ ಕೈಬೀಸಿಕೊಂಡು ನಡೆಯುತ್ತದೆ. ‘ಡಿಡ್ ನಾಟ್ ವೆಂಟ್’ ಅಂದರೆ ಒಂದೇ ಚೀಲವನ್ನು ಇಬ್ಬರು ಹೊತ್ತ ಹಾಗೆ. ನಾನು ಇಪ್ಪತ್ತು ವರ್ಷದಿಂದ ಇಬ್ಬರಿಂದಲೂ ಹೊರಿಸುತ್ತಿದ್ದೆ.

ಮಾರ್ಚ್ 8, ಶನಿವಾರ

ಮಾಡದ ಕೆಲಸ ಹುಡುಕುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಇವತ್ತಿನ ಐದು: ಐ ಡಿಡ್ ನಾಟ್ ಫ್ಲೈ. ಐ ಡಿಡ್ ನಾಟ್ ಸ್ವಿಮ್. ಐ ಡಿಡ್ ನಾಟ್ ಡ್ಯಾನ್ಸ್. ಐ ಡಿಡ್ ನಾಟ್ ಸಿಂಗ್. ಐ ಡಿಡ್ ನಾಟ್ ಡೈ.

ಮೇಡಂ ಕನ್ನಡಕ ಕೆಳಗಿಳಿಸಿ ನೋಡಿದರು. “ನಿಜ. ಆದ್ರೆ ಸೋಮಾರಿ ನಿಜ. ಮಾಡಬಹುದಾಗಿತ್ತು, ಮಾಡಲಿಲ್ಲ, ಅಂಥದ್ದು ಬರೀರಿ. ಆಗ ತಾನೇ ‘ನಾಟ್’ಗೆ ಕೆಲಸ ಸಿಗೋದು?”

ಮಾರ್ಚ್ 12, ಬುಧವಾರ

ಇವತ್ತು ಒಂದು ದೊಡ್ಡ ವಿಷಯ ಹೊಳೆಯಿತು. ಕನ್ನಡದಲ್ಲಿ ‘ಇಲ್ಲ’ ಕೊನೆಗೆ ಬರುತ್ತದೆ. ‘ನಾನು ನಿನ್ನೆ ತಾರಸಿಯ ಮೆಷಿನ್ ರೂಮಿಗೆ ಹೋಗಿ ಬ್ರೇಕನ್ನು...’ ಎನ್ನುವವರೆಗೆ ಆರಾಮವಾಗಿ ಹೇಳಬಹುದು. ಅಷ್ಟರಲ್ಲಿ ಎದುರಿನವರ ಮುಖ ನೋಡಿಕೊಳ್ಳಬಹುದು. ಹುಬ್ಬು ಗಂಟಾಗಿದ್ದರೆ ‘ನೋಡಿದೆ’, ಸಡಿಲವಾಗಿದ್ದರೆ ‘ನೋಡಲಿಲ್ಲ’. ಕೊನೆಯ ಗಳಿಗೆಯವರೆಗೂ ಬಾಗಿಲು ತೆರೆದೇ ಇರುತ್ತದೆ. ಇಷ್ಟು ವರ್ಷ ನಾನು ಬದುಕಿದ್ದೇ ಆ ಬಾಗಿಲಿನಲ್ಲಿ.

ಇಂಗ್ಲಿಷಿನಲ್ಲಿ ಆ ಸೌಕರ್ಯವಿಲ್ಲ. ‘ಐ ಡಿಡ್ ನಾಟ್’ ಅಂದ ಮೇಲೆಯೇ ಉಳಿದದ್ದು. ಏನು ಮಾಡಲಿಲ್ಲ ಅನ್ನುವ ಮೊದಲೇ ಮಾಡಲಿಲ್ಲ ಅನ್ನುವುದು ಹೊರಗೆ ಬಿದ್ದಿರುತ್ತದೆ. ಬಹಳ ಧೈರ್ಯದ ಜನ ಇರಬೇಕು ಅಂದೆ. ಮೇಡಂ, “ಧೈರ್ಯ ಏನಲ್ಲ. ಅವರು ಬೇರೆ ಬಾಗಿಲು ಇಟ್ಕೊಂಡಿದ್ದಾರೆ,” ಅಂದರು.

ಮಾರ್ಚ್ 13, ಗುರುವಾರ

ಐ ಡಿಡ್ ನಾಟ್ ಸ್ಟಡಿ. ಒಂದೇ ವಾಕ್ಯ. ನಿಜ.

ಮಾರ್ಚ್ 18, ಮಂಗಳವಾರ

ಮನೆಯ ‘ಇಲ್ಲ’ಗಳೆಲ್ಲ ಮುಗಿದವು. ನೀರಿನ ಫಿಲ್ಟರ್ ತೊಳೆಯಲಿಲ್ಲ, ಅಕ್ಕನಿಗೆ ಫೋನ್ ಮಾಡಲಿಲ್ಲ, ಕನ್ನಡಕ ಬದಲಿಸಲಿಲ್ಲ, ಹೆಂಡತಿ ಹೇಳಿದ್ದನ್ನು ಕೇಳಿಸಿಕೊಳ್ಳಲಿಲ್ಲ. ಅವಳು ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆಗಳ ಎಣಿಕೆ ನೋಡುವವಳು. ಪುಸ್ತಕ ಸಿಕ್ಕರೆ ಎಣಿಸದೆ ಬಿಡುವುದಿಲ್ಲ.

“ರೀ, ಎರಡು ವಾರಕ್ಕೆ ಅರವತ್ತಾರು ಮಾಡದ ಕೆಲಸ! ನಾನು ಬಾಯಲ್ಲಿ ಹೇಳಿದ್ರೆ ಜಗಳ ಅಂತೀರಿ. ಆಯಮ್ಮನಿಗೆ ಬರೆದು ಸಹಿ ಹಾಕಿ ಕೊಡ್ತೀರಿ.”

“ಅದು ಗ್ರಾಮರ್ ಕಣೇ.”

“ಹಾಗಾದ್ರೆ ಅವರಿಗೆ ಹೇಳಿ, ಫಿಲ್ಟರ್ ಗ್ರಾಮರ್ ಇನ್ನೂ ಹಾಗೇ ಇದೆ ಅಂತ.”

ಹಾಗಾಗಿ ಇನ್ನು ಮೇಲೆ ಕೆಲಸದ ಕಡೆಯಿಂದ ವಾಕ್ಯ ತರಬೇಕು. ಅಲ್ಲಿ ದಾಸ್ತಾನಿಗೆ ಬರವಿಲ್ಲ. ಲಿಫ್ಟಿನೊಳಗೆ ಅಂಟಿಸಿದ ತಪಾಸಣೆ ಕಾರ್ಡಿನಲ್ಲಿ ತಿಂಗಳಿಗೆ ಹದಿನಾಲ್ಕು ಚೌಕ. ಬಾಗಿಲು, ದೀಪ, ಹಗ್ಗ, ಬ್ರೇಕು ಹೀಗೆ. ಪದ್ಧತಿ ಏನೆಂದರೆ, ಗ್ರೌಂಡ್ ಫ್ಲೋರಿನಲ್ಲಿ ನಿಂತು, ಕಿವಿಗೊಟ್ಟು ಒಂದು ಸಲ ಮೇಲೆ ಕೆಳಗೆ ಓಡಿಸಿ, ಹದಿನಾಲ್ಕೂ ಟಿಕ್ ಹಾಕಿ, ಕೆಳಗೆ ಸಹಿ. ನನ್ನ ಕಿವಿ ಸುಳ್ಳು ಹೇಳುವುದಿಲ್ಲ. ನನಗೆ ಕೆಲಸ ಕಲಿಸಿದವರೂ ಹೀಗೇ ಮಾಡುತ್ತಿದ್ದರು, ಉಳಿದ ಮೆಕ್ಯಾನಿಕ್‌ಗಳೂ ಹೀಗೇ ಮಾಡುತ್ತಾರೆ. ಟಿಕ್ ಅಂದರೆ ‘ನೋಡಿದೆ’ ಅಂತಲ್ಲ, ‘ಬಂದಿದ್ದೆ’ ಅಂತ.

ಮಾರ್ಚ್ 22, ಶನಿವಾರ

‘ಐ ಡೋಂಟ್ ನೋ ನಥಿಂಗ್’ ಅಂದೆ. ಎರಡು ಇಲ್ಲ ಸೇರಿದರೆ ಒಂದು ಇದೆ ಆಗುತ್ತದಂತೆ. ಒಂದು ವಾಕ್ಯಕ್ಕೆ ಒಂದೇ ಸಾಕು. ನಥಿಂಗ್, ನೋಬಡಿ, ನೆವರ್ ಇವೆಲ್ಲ ಹೊಟ್ಟೆಯಲ್ಲೇ ಇಲ್ಲ ಇಟ್ಟುಕೊಂಡವು, ಅವುಗಳ ಜೊತೆ ನಾಟ್ ಬೇಡ. ಕನ್ನಡದಲ್ಲಿ ‘ಯಾರೂ ಇಲ್ಲ, ಏನೂ ಇಲ್ಲ, ಎಲ್ಲೂ ಇಲ್ಲ’ ಎಂದು ಎಷ್ಟು ಬೇಕಾದರೂ ಪೇರಿಸಬಹುದು. ಇವರು ಮಹಾ ಜಿಪುಣರು.

ಆಮೇಲೆ ‘ಹ್ಯಾವ್ ನಾಟ್’. ಅದು ನಿನ್ನೆಯದೂ ಅಲ್ಲ, ಇವತ್ತಿನದೂ ಅಲ್ಲ. ಅಂದಿನಿಂದ ಇಂದಿನವರೆಗೆ ಆಗದೇ ಉಳಿದದ್ದು. ಡಿಡ್ ನಾಟ್ ಮುಗಿದುಹೋದ ಇಲ್ಲ. ಹ್ಯಾವ್ ನಾಟ್ ಇನ್ನೂ ಉಸಿರಾಡುವ ಇಲ್ಲ. ಈ ವ್ಯತ್ಯಾಸವನ್ನು ಮಾಡಿದವನು ಯಾರೋ, ಅವನನ್ನು ಒಮ್ಮೆ ನೋಡಬೇಕು ಅನ್ನಿಸಿತು.

ಭಾವಮೈದ ಬಂದಿದ್ದ. ಸ್ಕೂಟರ್ ಕೊಡಲಿಲ್ಲ, ನನಗೇ ಬೇಕಿತ್ತು.

ಮಾರ್ಚ್ 27, ಗುರುವಾರ

ಇವತ್ತಿನ ಐದು ವಾಕ್ಯ ಒಂದೇ ಉಸಿರಿಗೆ ಬಂದವು. ತಿದ್ದುವುದೇನೂ ಇರಲಾರದು. ಹೆಮ್ಮೆಯಿಂದ ಇಲ್ಲೂ ಇಳಿಸಿಕೊಳ್ಳುತ್ತೇನೆ.

ಐ ಡಿಡ್ ನಾಟ್ ಕ್ಲೈಂಬ್ ಟು ದಿ ಮೆಷಿನ್ ರೂಮ್. ಐ ಡು ನಾಟ್ ಲೈಕ್ ದಿ ಸೆಕ್ರೆಟರೀಸ್ ಟೀ. ದಿ ಲಿಫ್ಟ್ ಡಸ್ ನಾಟ್ ಸ್ಟಾಪ್ ಲೆವೆಲ್. ಐ ಹ್ಯಾವ್ ನಾಟ್ ಓಪನ್ಡ್ ದಿ ಬ್ರೇಕ್ ಆಫ್ ದಿಸ್ ಲಿಫ್ಟ್ ಫಾರ್ ಸೆವೆನ್ ಮಂತ್ಸ್. ನೋಬಡಿ ನೋಸ್.

ಡು, ಡಸ್, ಡಿಡ್, ಹ್ಯಾವ್, ನೋಬಡಿ. ಐದಕ್ಕೆ ಐದು ಬಗೆ! ಪುಸ್ತಕವನ್ನು ಮೇಡಂ ಅವರ ಬಾಗಿಲಿನ ಚೀಲದಲ್ಲಿ ಇಟ್ಟು ಬಂದೆ.

ಮಾರ್ಚ್ 29, ಶನಿವಾರ

ಪುಸ್ತಕ ವಾಪಸ್ಸು ತರಲು ಹೋದೆ. ಬಾಗಿಲಿನ ಚೀಲದಲ್ಲೇ ಇತ್ತು. ಐದೂ ವಾಕ್ಯಕ್ಕೆ ಕೆಂಪು ಟಿಕ್, ಕೆಳಗೆ ‘ವೆರಿ ಗುಡ್’. ಆದರೆ ಮೇಡಂ ಮನೆಯಲ್ಲಿ ಸಿಗಲಿಲ್ಲ. ಸಿಕ್ಕಿದ್ದು ನಾನು ಮೆಟ್ಟಿಲಿಳಿದು ಬರುವಾಗ, ಮೂರನೇ ಮಹಡಿಯ ತಿರುವಿನಲ್ಲಿ. ಪಕ್ಕದಲ್ಲಿ ಬ್ರೆಡ್ಡು, ಔಷಧಿ ಇದ್ದ ಚೀಲ. ಬಲಗಾಲು ನೀಳವಾಗಿ ಚಾಚಿ, ಎರಡೂ ಕೈಯಲ್ಲಿ ಮೊಣಕಾಲು ಹಿಡಿದುಕೊಂಡು ಕೂತಿದ್ದರು. ಕುತ್ತಿಗೆಯಲ್ಲಿ ಬೆವರು.

“ಯಾಕ್ ಮೇಡಂ, ಲಿಫ್ಟ್ ಕೆಟ್ಟಿತ್ತಾ? ನನಗ್ಯಾರೂ ಹೇಳ್ಲೇ ಇಲ್ಲ!”

“ಹೇಳಿದ್ದು ನೀವೇ. ನಾಲ್ಕನೇ ವಾಕ್ಯ.”

“ಅಯ್ಯೋ, ಅದು ಹೋಮ್‌ವರ್ಕು ಮೇಡಂ!”

“ಸುಳ್ಳು ಬರೀಬಾರದು ಅಂತ ಷರತ್ತಿತ್ತು. ನೀವು ಷರತ್ತು ಮುರಿದಿಲ್ಲ ಅಂತ ನಂಬಿ ಮೆಟ್ಟಿಲು ಹಿಡಿದೆ. ಮುರಿದಿದ್ರೆ ಹೇಳಿ, ಲಿಫ್ಟಲ್ಲೇ ಹೋಗ್ತೀನಿ.”

ಅವರು ಉಸಿರು ಎಳೆದುಕೊಂಡು ಮತ್ತೆ ಹೇಳಿದರು: “ಲಿಫ್ಟೊಳಗಿನ ಕಾರ್ಡಲ್ಲಿ ಬ್ರೇಕಿನ ಮುಂದೆ ಪ್ರತಿ ತಿಂಗಳೂ ಟಿಕ್ ಇದೆ. ನಿನ್ನೆ ಹೋಗಿ ನೋಡ್ದೆ. ಟಿಕ್ಕೂ ನಿಮ್ಮದೇ, ವಾಕ್ಯನೂ ನಿಮ್ಮದೇ. ಯಾವುದನ್ನ ನಂಬಲಪ್ಪಾ?”

ಟಿಕ್ ಅಂದರೆ ‘ನೋಡಿದೆ’ ಅಂತಲ್ಲ, ‘ಬಂದಿದ್ದೆ’ ಅಂತ ಮೇಡಂ ಅಂದೆ. ಚೀಲ ಎತ್ತಿಕೊಂಡು ಅವರ ಹಿಂದೆ ಹತ್ತಿದೆ. ಮೆಟ್ಟಿಲಿಗೊಂದು ಸಲ ನಿಂತರು. ಅಲ್ಲಿಂದ ಮೇಲಕ್ಕೆ ನಲವತ್ತು. ನಾನು ಎಣಿಸಿದೆ.

ಮಾರ್ಚ್ 30, ಭಾನುವಾರ

ಹೋಮ್‌ವರ್ಕ್ ಬರೆಯಲು ಕೂತೆ. ಬರೆಯಲಿಲ್ಲ.

ಮಾರ್ಚ್ 31, ಸೋಮವಾರ

ಬೆಳಿಗ್ಗೆ ಏಳಕ್ಕೇ ಮೆಷಿನ್ ರೂಮಿಗೆ ಹತ್ತಿ ಬ್ರೇಕ್ ಬಿಚ್ಚಿದೆ. ಹಿಡಿದು ನಿಲ್ಲಿಸುವ ಪಟ್ಟಿ ಸವೆದು ಕಾಗದದಷ್ಟಾಗಿತ್ತು. ರಿವೆಟ್ ತಲೆಗಳು ಹೊರಬಿದ್ದು ಡ್ರಮ್ಮಿನ ಮೇಲೆ ಗೀರು ಎಳೆದಿದ್ದವು. ನನ್ನ ಕಿವಿಗೆ ಇದು ಕೇಳಿಸಿರಲಿಲ್ಲ.

ಲಿಫ್ಟ್ ನಿಲ್ಲಿಸಿ, ಬೀಗ ಹಾಕಿ, ಕೀಲಿ ಜೇಬಿಗೆ ಹಾಕಿಕೊಂಡೆ. ಎರಡನೇ ಮಹಡಿಯ ಸೆಕ್ರೆಟರಿ, ಅಂದರೆ ಕಟ್ಟಡದ ಸಂಘದ ಯಜಮಾನ, ಹಲ್ಲುಜ್ಜುವ ಬ್ರಷ್ಷಿನ ಸಮೇತ ಹೊರಗೆ ಬಂದ.

“ಏನ್ ಆಯ್ತಣ್ಣ ಇದು? ನಾಳೆ ನಮ್ಮನೆಗೆ ಹೊಸ ವಾಷಿಂಗ್ ಮೆಷಿನ್ ಬರ್ತಿದೆ. ನಾಡಿದ್ದು ನಿಲ್ಸಿ. ಇಷ್ಟು ತಿಂಗಳು ಓಡಿದ್ದು ಇನ್ನೆರಡು ದಿನ ಓಡಲ್ವಾ?”

“ಓಡುತ್ತೆ ಸಾರ್. ನಿಲ್ಲೋದೇ ಅನುಮಾನ.”

“ತಮಾಷೆ ಸಾಕು. ಕೀ ಕೊಡಿ.”

“ಕೊಡಲ್ಲ.”

ಅವನ ಬಾಯಲ್ಲಿದ್ದ ಬ್ರಷ್ಷು ನಿಂತಿತು. “ಕಾರ್ಡಲ್ಲಿ ಎಲ್ಲಾ ಸರಿ ಅಂತ ನೀವೇ ಟಿಕ್ ಹಾಕಿದ್ದೀರಿ, ಇದೇ ತಿಂಗಳು. ಸರಿಯಿರೋ ಲಿಫ್ಟನ್ನ ಸುಮ್‌ಸುಮ್ನೆ ನಿಲ್ಸಿದ್ದಾರೆ ಅಂತ ಹೊಸ ಕಂಪನಿಗೆ ಬರೀತೀನಿ. ಹದಿನಾರಕ್ಕೆ ಪರೀಕ್ಷೆ ಅಲ್ವಾ ನಿಮ್ದು? ಅಷ್ಟರೊಳಗೆ ಕಾರ್ಡಿನ ಫೋಟೋ ಸಮೇತ ಅಲ್ಲಿರುತ್ತೆ.”

ಬುದ್ಧಿವಂತ. ಕಾರ್ಡು ನಿಜವಾದರೆ ನಾನು ಒಳ್ಳೆಯ ಲಿಫ್ಟನ್ನು ನಿಲ್ಲಿಸಿದವನು. ನಿಲ್ಲಿಸಿದ್ದು ಸರಿಯಾದರೆ ಕಾರ್ಡು ಸುಳ್ಳು. ಎರಡು ಕಡೆಯಿಂದಲೂ ಹಗ್ಗ.

ಏಪ್ರಿಲ್ 2, ಬುಧವಾರ

ಹೊಸ ಪಟ್ಟಿ ನಾಳೆ ಬರುತ್ತದಂತೆ. ಇಪ್ಪತ್ತು ಮನೆಯವರೂ ಹತ್ತುತ್ತ ಒಂದು ಸಲ, ಇಳಿಯುತ್ತ ಒಂದು ಸಲ ಬೈದರು. ವಾಷಿಂಗ್ ಮೆಷಿನ್ನನ್ನು ನಾಲ್ಕು ಜನ ಹೊತ್ತರು. ನಾನೂ ಒಂದು ಮೂಲೆ ಹಿಡಿದೆ. ಸೆಕ್ರೆಟರಿ ಟೀ ಕೊಡಲಿಲ್ಲ. ನಷ್ಟವಿಲ್ಲ.

ಉಳಿದ ಹತ್ತು ಕಟ್ಟಡದ ಮೆಷಿನ್ ರೂಮುಗಳಿಗೂ ಹತ್ತಲು ಶುರು ಮಾಡಿದ್ದೇನೆ. ವಾಕ್ಯಕ್ಕೆ ಬೇಕಲ್ಲ.

ಏಪ್ರಿಲ್ 4, ಶುಕ್ರವಾರ

ಪಟ್ಟಿ ಹಾಕಿ ಆಯಿತು. ಖಾಲಿ ಲಿಫ್ಟನ್ನು ಮೂವತ್ತು ಸಲ ಓಡಿಸಿದೆ, ಭಾರ ಹೇರಿ ಹತ್ತು ಸಲ. ಎಲ್ಲ ಮಹಡಿಯಲ್ಲೂ ನೆಲಕ್ಕೆ ಸಮ. ಮೇಡಂ ಬಾಗಿಲಲ್ಲಿ ನಿಂತು, “ನೋಡಿದ್ರಾ, ಬಂದಿದ್ರಾ?” ಅಂದರು.

“ನೋಡಿದೆ ಮೇಡಂ.”

ಒಳಗೆ ಕಾಲಿಟ್ಟರು. ಗ್ರೌಂಡ್ ಫ್ಲೋರ್ ಬಂತು. ಇಳಿಯುವಾಗ ಹೇಳಿದರು: “ನಾಳೆಯಿಂದ ‘ವಿಲ್ ನಾಟ್’.”

ಏಪ್ರಿಲ್ 15, ಮಂಗಳವಾರ

ನಾಳೆ ಪರೀಕ್ಷೆ. ದೂರು ತಲುಪಿದೆಯೆಂದು ಆಫೀಸಿನಿಂದ ಫೋನ್ ಬಂತು. ಉತ್ತರ ಸಿದ್ಧ ಮಾಡಿದ್ದೇನೆ: ದಿ ಬ್ರೇಕ್ ವಾಸ್ ಗುಡ್. ಸಡನ್ಲಿ ಇಟ್ ಬಿಕೇಮ್ ಬ್ಯಾಡ್. ಐ ಆ್ಯಕ್ಟೆಡ್ ಫಾಸ್ಟ್. ಟಿಕ್ಕೂ ಉಳಿಯುತ್ತದೆ, ನಾನೂ ಉಳಿಯುತ್ತೇನೆ. ಕನ್ನಡಿಯ ಮುಂದೆ ಹತ್ತು ಸಲ ಹೇಳಿಕೊಂಡೆ. ತಪ್ಪೇ ಇಲ್ಲ. ಮೂರರಲ್ಲಿ ಒಂದಾದರೂ ನಾಟ್ ಇಲ್ಲವಲ್ಲ ಅನ್ನುವುದೊಂದೇ ಕೊರತೆ.

ಏಪ್ರಿಲ್ 16, ಬುಧವಾರ

ಬರೆಯುವ ಪರೀಕ್ಷೆ ಸುಲಭವಾಗಿತ್ತು. ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆದರು. ಬಿಳಿ ಗೋಡೆ, ಉದ್ದನೆಯ ಮೇಜು, ಆಚೆ ಒಬ್ಬ ಎಂಜಿನಿಯರಮ್ಮ. ನನ್ನ ಮಗಳ ವಯಸ್ಸಿರಬಹುದು. ಮಾತೆಲ್ಲ ಇಂಗ್ಲಿಷಿನಲ್ಲೇ. ದೂರಿನ ಕಾಗದವನ್ನೂ ಕಾರ್ಡಿನ ಫೋಟೋವನ್ನೂ ಅಕ್ಕಪಕ್ಕ ಇಟ್ಟು, ಬ್ರೇಕಿನ ಸಾಲಿನ ಮೇಲೆ ಪೆನ್ನಿನ ತುದಿ ಇಟ್ಟು ಕೇಳಿದರು: ಈ ತಪಾಸಣೆಗಳನ್ನು ಮಾಡಿದ್ದು ನೀವೇನಾ?

ಸಿದ್ಧ ಮಾಡಿದ್ದ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಲವತ್ತು ದಿನ ಅಭ್ಯಾಸ ಮಾಡಿದ ಬಾಯಿ. ‘ಐ ಡಿಡ್’ ಅಂತ ಶುರು ಮಾಡಿದರೆ ಅದರ ಹಿಂದೆಯೇ ‘ನಾಟ್’ ಬಂದುಬಿಟ್ಟಿತು. ಅಲ್ಲಿಂದಾಚೆ ಬಾಗಿಲಿಲ್ಲವಲ್ಲ, ಮುಂದಕ್ಕೇ ಹೋಗಬೇಕಾಯಿತು. ಅಭ್ಯಾಸದ ಮೇಲೆ ಹೇಳಿದ್ದೋ, ಮೂರನೇ ಮಹಡಿಯ ತಿರುವು ಕಣ್ಣಮುಂದೆ ಬಂದು ಹೇಳಿದ್ದೋ, ಈಗ ಬರೆಯುವಾಗಲೂ ಗೊತ್ತಾಗುತ್ತಿಲ್ಲ.

“ಐ ಡಿಡ್ ನಾಟ್ ಓಪನ್ ದಿ ಬ್ರೇಕ್ ಫಾರ್ ಸೆವೆನ್ ಮಂತ್ಸ್. ದೀಸ್ ಟಿಕ್ಸ್ ಆರ್ ನಾಟ್ ಟ್ರೂ. ಐ ವಿಲ್ ನಾಟ್ ಡೂ ಇಟ್ ಅಗೇನ್.”

ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಏನು ಹೇಳುತ್ತಿದ್ದೀರೆಂದು ನಿಮಗೆ ತಿಳಿದಿದೆಯಾ ಅಂದರು. ಡಿಡ್ ಜೊತೆ ಓಪನ್ಡ್ ಅಂದೆನೇ? ಮನಸ್ಸಿನಲ್ಲೇ ಇನ್ನೊಮ್ಮೆ ಓಡಿಸಿ ನೋಡಿದೆ.

“ಗ್ರಾಮರ್ ರಾಂಗ್, ಮೇಡಂ?”

“ನೋ,” ಅಂದರು ನಿಧಾನವಾಗಿ. “ದಿ ಗ್ರಾಮರ್ ಈಸ್ ಫೈನ್.” ಆಮೇಲೆ ಏನೋ ಬಹಳ ಹೊತ್ತು ಬರೆದರು.

ಹೊರಗೆ ವರಾಂಡದಲ್ಲಿ ನನ್ನ ನಂತರದ ಸರದಿಯ ಮೆಕ್ಯಾನಿಕ್ ಅಂಗಿ ಹಿಡಿದು ನಿಲ್ಲಿಸಿದ. “ಏನ್ ಕೇಳಿದ್ರಣ್ಣ? ಏನ್ ಹೇಳ್ದೆ?” ಹೇಳಿದೆ. “ನಿನ್ನ ಟಿಕ್ ಸುಳ್ಳಾದ್ರೆ ನಮ್ದೇನಣ್ಣಾ? ಮುಳುಗಿಸಿಬಿಟ್ಟೆ!” ಅಂದ. ಇನ್ನೂ ನಾಲ್ಕು ಜನ ಅವನ ಹಿಂದಿದ್ದರು. ಯಾರೂ ಆಯ್ತಣ್ಣ ಅನ್ನಲಿಲ್ಲ.

ಏಪ್ರಿಲ್ 19, ಶನಿವಾರ

ಫಲಿತಾಂಶದ ಪತ್ರ ಬಂತು. ಪಾಸ್. ‘ಇಲ್ಲ’ದ ಪ್ರಶ್ನೆಗೆ ಇಪ್ಪತ್ತಕ್ಕೆ ಇಪ್ಪತ್ತು. ಎರಡನೇ ಪುಟದಲ್ಲಿ, ತಪಾಸಣೆ ಕಾರ್ಡಿಗೆ ಸಹಿ ಹಾಕುವ ಅಧಿಕಾರವನ್ನು ಒಂದು ವರ್ಷ ತೆಗೆದಿದ್ದಾರೆ. ನಾನು ಹತ್ತಿ ನೋಡಬೇಕು, ಸಹಿ ಇನ್ನೊಬ್ಬರದು. ಮೂರನೇ ಪುಟದಲ್ಲಿ, ಕಂಪನಿಯ ಎಲ್ಲ ಲಿಫ್ಟುಗಳ ಬ್ರೇಕನ್ನೂ ಈ ತಿಂಗಳೊಳಗೆ ಬಿಚ್ಚಿ ನೋಡಬೇಕೆಂಬ ಆದೇಶ. ಉಳಿದ ಮೆಕ್ಯಾನಿಕ್‌ಗಳು ಇದಕ್ಕೂ ನನ್ನನ್ನೇ ಬೈಯುತ್ತಾರೆ.

ಪತ್ರ ಓದಿ ಹೆಂಡತಿ, “ನಿಮ್ಮಲ್ಲಿ ಏನೋ ಬದಲಾಗಿದೆ ಕಣ್ರೀ,” ಅಂದಳು. ಏನೂ ಇಲ್ಲ, ಒಂದಿಷ್ಟು ಇಂಗ್ಲಿಷ್ ಬಂತು ಅಷ್ಟೇ ಅಂದೆ. “ಮೂರು ವಾರದಿಂದ ನೀವು ಒಂದು ಸಲನೂ ಆಯ್ತು ಅಂದಿಲ್ಲ,” ಅಂದಳು. ಅವಳು ಏನನ್ನಾದರೂ ಎಣಿಸುತ್ತಿರಬೇಕು, ಪಾಪ.

ಯಾರಿಗೆ ಏನು ಬಂತು ಎಂಬ ಲೆಕ್ಕ ಬರೆದು ಮುಗಿಸುತ್ತೇನೆ.

ಹೆಂಡತಿಗೆ: ತೊಳೆದ ಫಿಲ್ಟರ್, ಅರ್ಧ ಪೆನ್ಸಿಲ್.
ಭಾವಮೈದನಿಗೆ: ಬಸ್ಸಿನ ವೇಳಾಪಟ್ಟಿ ಬಾಯಿಪಾಠ.
ಸೆಕ್ರೆಟರಿಗೆ: ವಾಷಿಂಗ್ ಮೆಷಿನ್. ಕಾರ್ಡನ್ನು ಓದುವ ಅಭ್ಯಾಸ.
ಉಳಿದ ಮೆಕ್ಯಾನಿಕ್‌ಗಳಿಗೆ: ಮೆಷಿನ್ ರೂಮಿನ ಮೆಟ್ಟಿಲು.
ಮೇಡಂ ಅವರಿಗೆ: ಮೂರು ಖಾಲಿ ರಿಫಿಲ್, ಸೋಮವಾರದಿಂದ ಇನ್ನಿಬ್ಬರು ಮೆಕ್ಯಾನಿಕ್ ವಿದ್ಯಾರ್ಥಿಗಳು.
ನನಗೆ: ಹನ್ನೊಂದು ಕಟ್ಟಡ. ಸಹಿ ಇಲ್ಲ.
ಲಿಫ್ಟಿಗೆ: ಹೊಸ ಬ್ರೇಕ್. ನೆಲಕ್ಕೆ ಸಮವಾಗಿ ನಿಲ್ಲುತ್ತದೆ. ನಮಸ್ಕಾರ ಮಾಡುವುದಿಲ್ಲ.